ಖಾಲಿ ಟ್ರಾಕ್ಟರಿನ ಹೊಗೆ

ಕೂಡ್ಲಿಗಿಯ ಜಂಬಣ್ಣ ಹದಿನಾಲ್ಕು ವರ್ಷ ಸೋಲಲಿಕ್ಕೆಂದೇ ಟೆಂಡರ್ ಹಾಕಿದ ಮನುಷ್ಯ. ಅವನು ಕಟ್ಟಿದ ಕಲ್ಲಿನ ಗೋಡೆಗಳು ಕೊಟ್ಟೂರಿನಲ್ಲಿವೆ, ಹಡಗಲಿಯಲ್ಲಿವೆ, ಹಗರಿಬೊಮ್ಮನಹಳ್ಳಿಯಲ್ಲಂತೂ ಓಣಿಗೊಂದು ಸಿಗುತ್ತವೆ. ಒಂದರ ಮೇಲೂ ಅವನ ಹೆಸರಿಲ್ಲ. ಕಾಮಗಾರಿಯ ಹಲಗೆಯ ಮೇಲೆ ಇರುತ್ತಿದ್ದುದು ಗುತ್ತಿಗೆದಾರ ಗುರುಬಸವರಾಜನ ಹೆಸರು.

ಒಬ್ಬನೇ ಟೆಂಡರ್ ಹಾಕಿದರೆ ಮೇಲಿನವರು ಪ್ರಶ್ನೆ ಕೇಳುತ್ತಾರೆ. ಅದಕ್ಕೆ ಗುರುಬಸವರಾಜ ತನ್ನದರ ಜೊತೆಗೆ ಜಂಬಣ್ಣನ ಲೈಸೆನ್ಸಿನಲ್ಲೂ ಒಂದು ಹಾಕಿಸುತ್ತಿದ್ದ. ದರ ತನ್ನದಕ್ಕಿಂತ ಸ್ವಲ್ಪ ಮೇಲೆ. ಈ ಕಡೆ ಅದಕ್ಕೆ ‘ಸಪೋರ್ಟ್’ ಎನ್ನುತ್ತಾರೆ. ಸೋತ ಜಂಬಣ್ಣನಿಗೆ, ಗೆದ್ದವನ ಕಟ್ಟಡದಲ್ಲಿ ಕಲ್ಲಿನ ಕೆಲಸ. ಇದರಲ್ಲಿ ಮೋಸವಿದೆ ಎಂದು ಅವನಿಗೆ ಅನ್ನಿಸಿದ್ದೇ ಇಲ್ಲವೆಂದರೆ ಸುಳ್ಳು. ಆದರೆ ಹೊಟ್ಟೆಪಾಡು ಆ ಕಡೆ ತಿರುಗಿ ನೋಡಲು ಬಿಟ್ಟಿರಲಿಲ್ಲ.

ಕಳೆದ ವರ್ಷ ಗುಡೇಕೋಟೆಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ಕಟ್ಟಲು ಟೆಂಡರ್ ಕರೆದರು. ಅದರ ಕೊನೆಯಲ್ಲಿ ಹೊಸದೊಂದು ನಮೂನೆ ಇತ್ತು. ಕಟ್ಟಡ ಎದ್ದು ನಿಲ್ಲುವಷ್ಟರಲ್ಲಿ ಅದರ ಸಲುವಾಗಿ ಎಷ್ಟು ಇಂಗಾಲ ಗಾಳಿಗೆ ಸೇರುತ್ತದೆ, ಬರೆದು ಕೊಡಿ ಎಂದು. ಸಿಮೆಂಟು ಸುಟ್ಟಾಗಿನ ಹೊಗೆ, ಕಬ್ಬಿಣ ಕಾಯಿಸಿದಾಗಿನ ಹೊಗೆ, ಸಾಮಾನು ಹೊತ್ತು ತರುವ ಗಾಡಿಯ ಹೊಗೆ. ಗೋಡೆಗೆ ಏನು ಬಳಸುತ್ತೀರಿ ಎಂಬುದನ್ನೂ ಟೆಂಡರ್ ಹಾಕುವವರೇ ಹೇಳಬೇಕು. ಹೊಗೆ ಕಡಿಮೆ ಇದ್ದವರಿಗೆ, ದರ ತುಸು ಹೆಚ್ಚಿದ್ದರೂ, ಕೆಲಸ ಸಿಗಬಹುದು ಎಂಬ ಕೊನೆಯ ಸಾಲನ್ನು ಗುರುಬಸವರಾಜನ ಆಫೀಸಿನಲ್ಲಿ ಯಾರೂ ಓದಲಿಲ್ಲ.

ಜಂಬಣ್ಣನ ತಮ್ಮನ ಮಗಳು ಪುಷ್ಪಲತಾ ಬಸ್ ನಿಲ್ದಾಣದ ಎದುರಿಗೆ ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಳು. ಅವನ ಟೆಂಡರುಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದವಳು ಅವಳೇ. ಗುರುಬಸವರಾಜನ ಗುಮಾಸ್ತ ಫೋನ್ ಮಾಡಿ, “ದರ ನಾವು ಕೊಟ್ಟದ್ದ ಹಾಕವ್ವ. ಆ ಹೊಗಿ ಕಾಗದ ನೀವ ತುಂಬ್ರಿ, ಏನಾರ ಬರೀರಿ” ಎಂದ.

“ಏನಾರ ಬರಿ ಅಂದ್ರ ಹೆಂಗ ಬರೀಲಿ ದೊಡ್ಡಪ್ಪ?” ಎಂದಳು ಪುಷ್ಪಲತಾ.

“ತಡಿ, ಅಳದು ಬರ್ತೀನಿ.”

ಜಂಬಣ್ಣ ಬೈಕಿನಲ್ಲಿ ಗುಡೇಕೋಟೆಗೆ ಹೋದ. ಜಾಗದಿಂದ ಕಲ್ಲಿನ ಕ್ವಾರಿಗೆ ಆರೂವರೆ ಕಿಲೋಮೀಟರ್. ನಕ್ಷೆ ಹಿಡಿದು ಗೋಡೆಗೋಡೆಗೂ ಕಲ್ಲು ಲೆಕ್ಕ ಹಾಕಿದ, ಎಷ್ಟು ಟ್ರಾಕ್ಟರ್ ಕಲ್ಲು, ಎಷ್ಟು ಚೀಲ ಸಿಮೆಂಟ್ ಎಂದು. ಕಲ್ಲು ಚೆನ್ನಾಗಿ ಕೂತರೆ ಸಂದಿಗೆ ಸಿಮೆಂಟು ಕಡಿಮೆ ಸಾಕು ಎಂಬುದು ಅವನ ಕೈಗೆ ಗೊತ್ತಿದ್ದ ವಿಷಯ. ಎರಡು ದಿನ ಹಿಡಿಯಿತು.

“ಸೋಲಾಕ ಇಷ್ಟು ತ್ರಾಸು ಯಾಕ ತಗೊಂತಿ?” ಎಂದು ಪುಷ್ಪಲತಾ ನಕ್ಕಳು.

“ಸೋಲೋದು ದರದಾಗ. ಅಳತಿ ಯಾಕ ಸೋಲಬೇಕು?”

ಟೆಂಡರ್ ತೆರೆದ ದಿನ ಮೊದಲ ಸ್ಥಾನದಲ್ಲಿದ್ದುದು ಜಂಬಣ್ಣನ ಹೆಸರು.

ಮರುದಿನ ಜಂಬಣ್ಣ ಪುಷ್ಪಲತಾಳ ಅಂಗಡಿಯಲ್ಲಿದ್ದಾಗ ಗುರುಬಸವರಾಜ ಅಲ್ಲಿಗೆ ಬಂದ. ಚಪ್ಪಲಿ ಬಿಡಲಿಲ್ಲ, ಕೂರಲಿಲ್ಲ. ಜೊತೆಗೆ ಬಂದ ಇಬ್ಬರು ಬಾಗಿಲಿಗೆ ಅಡ್ಡ ನಿಂತರು.

“ಏನ್ಲೇ ಜಂಬ, ಬಾಯಾಗ ಬೆರಳಿಟ್ರ ಕಚ್ಚದವನಂಗ ಇದ್ದಿ. ಒಳಗಿಂದೊಳಗ ಇದ ಮಾಡಿದ್ಯೇನು?”

“ದೇವರಾಣಿ ನಂಗೂ ಗೊತ್ತಿದ್ದಿಲ್ರಿ ಸಾವ್ಕಾರ್ರ. ನೀವ ಬರಿ ಅಂದ್ರಿ, ಬರದ್ವಿ.”

“ಬರಿ ಅಂದ್ರ ಖರೇನ ಬರಿ ಅಂದ್ನೇನು?”

ಪುಷ್ಪಲತಾಗೆ ನಗು ತಡೆಯಲಾಗಲಿಲ್ಲ. ಗುರುಬಸವರಾಜ ಅವಳತ್ತ ತಿರುಗಿದ. “ನಗ್ತೀಯೇನು? ನಗು. ಅಂಗಡಿ ಇರೋತನಕ ನಗು. ಈಗ ನಾ ಹೇಳ್ದಂಗ ಟೈಪ್ ಮಾಡು.” ಅವನು ಹೇಳುತ್ತ ಹೋದ, ಅವಳ ಬೆರಳುಗಳು ಅನಿವಾರ್ಯವಾಗಿ ಓಡಿದವು. ‘ನಾನು ಸಲ್ಲಿಸಿದ ಇಂಗಾಲದ ಲೆಕ್ಕ ಅಳತೆ ಮಾಡಿದ್ದಲ್ಲ, ಊಹೆಯಿಂದ ಬರೆದದ್ದು. ಆದ್ದರಿಂದ ನನ್ನ ಟೆಂಡರನ್ನು ತಿರಸ್ಕರಿಸಬೇಕಾಗಿ ವಿನಂತಿ.’

ಹಾಳೆ ಹೊರಬಂತು. ಜಂಬಣ್ಣ ಎರಡು ಸಲ ಓದಿದ. ಟೆಂಡರ್ ಹೋದರೆ ಹೋಗಲಿ, ಹದಿನಾಲ್ಕು ವರ್ಷ ಹೋಗಿದೆ. ಆದರೆ ಮೇಸ್ತ್ರಿಯಾದವನು ಅಳೆಯದೆ ಬರೆದೆ ಎಂದು ತನ್ನ ಕೈಯಾರೆ ಬರೆದುಕೊಟ್ಟ ಮೇಲೆ ಉಳಿಯುವುದೇನು?

“ಬ್ಯಾರೆ ಏನರ ಬರಸ್ರಿ. ರೊಕ್ಕ ಇಲ್ಲಂತ ಬರಸ್ರಿ, ಮೈಯಾಗ ಹುಷಾರಿಲ್ಲಂತ ಬರಸ್ರಿ. ಇದಕ್ಕ ಸೈನ್ ಹಾಕಾಂಗಿಲ್ಲ.”

“ಆ ನೆಪಕ್ಕೆಲ್ಲ ನಿನ್ ಲೈಸೆನ್ಸ್ ಕಪ್ಪುಪಟ್ಟಿಗಿ ಹೋಕೈತಿ. ಮುಂದ ನನಗ ಸಪೋರ್ಟ್ ಹಾಕೋರು ಯಾರು, ನಿಮ್ಮಪ್ಪನೇನು?”

“ಅಪ್ಪನ್ನ ತರಬ್ಯಾಡ್ರಿ.”

ಗುರುಬಸವರಾಜ ಹಾಳೆಯನ್ನು ಮೇಜಿನ ಮೇಲೆ ಬಡಿದು ಇಟ್ಟು ಹೋದ. ಅದೇ ದಿನ ಅವನ ಹಗರಿಬೊಮ್ಮನಹಳ್ಳಿಯ ಕಟ್ಟಡದಲ್ಲಿದ್ದ ಜಂಬಣ್ಣನ ಆಳುಗಳನ್ನು ಕೆಳಗಿಳಿಸಿದರು. ಸುತ್ತಿಗೆ, ಉಳಿ, ತೂಕದ ಗುಂಡು ಎಲ್ಲ ರಸ್ತೆಗೆ ಬಿದ್ದವು. ಹರಪನಹಳ್ಳಿಯ ಗುತ್ತಿಗೆದಾರನೊಬ್ಬ ಫೋನಿನಲ್ಲಿ, “ನಿನಗ ಕೆಲ್ಸ ಕೊಟ್ರ ನಮಗ ಇರೋದಿಲ್ಲಪ್ಪ” ಎಂದು ಇಟ್ಟುಬಿಟ್ಟ. ಹೋಟೆಲಿನಲ್ಲಿ ಜಂಬಣ್ಣ ಕೂತ ಬೆಂಚಿನಿಂದ ಜನ ಎದ್ದರು.

ಮನೆಯಲ್ಲೂ ನೆರಳಿರಲಿಲ್ಲ. ಹೆಂಡತಿ ನಾಗಲಿಂಗಮ್ಮ ಮೂರು ದಿನ ಮಾತು ಬಿಟ್ಟಳು, ನಾಲ್ಕನೆಯ ದಿನ ತಟ್ಟೆ ಕುಕ್ಕಿದಳು.

“ಹದಿನಾಕು ವರ್ಷ ಸುಳ್ಳು ದರಕ್ಕ ಸೈನ್ ಹಾಕಿದವ ಈಗ ದೊಡ್ಡ ಹರಿಶ್ಚಂದ್ರ ಆಗ್ಯಾನ. ಅಳತಿ ಕುದಿಸಿ ಉಣ್ಣಾಕ ಬರ್ತೈತೇನು?”

ಅವಳ ಮಾತು ನಿಜವಾಗಿತ್ತು. ಅದಕ್ಕೇ ಹೆಚ್ಚು ನೋಯಿತು.

ಅಷ್ಟರಲ್ಲಿ ಇಲಾಖೆಯಿಂದ ಅರುಣಕುಮಾರ್ ಎಂಬ ಎಂಜಿನಿಯರ್ ಸ್ಥಳ ಪರಿಶೀಲನೆಗೆ ಬಂದ. ಗುಡೇಕೋಟೆಯ ಕ್ವಾರಿಗೆ ಜಂಬಣ್ಣ, ಪುಷ್ಪಲತಾ ಇಬ್ಬರೂ ಹೋದರು. ಜಾಲಿಯ ಪೊದೆಗಳ ನಡುವೆ ಬಂಡೆಗಳು ಬಿಸಿಲು ಕುಡಿಯುತ್ತ ಬಿದ್ದಿದ್ದವು. ಅರುಣಕುಮಾರ್ ಜಾಗದಿಂದ ಎಷ್ಟು ದೂರ ಎಂದು ನೋಡಿಕೊಂಡ, ಕಲ್ಲಿನ ತೂಕ ಕೇಳಿದ, ಒಂದೊಂದಕ್ಕೂ ಟಿಕ್ ಹಾಕುತ್ತ ಬಂದ. ಕೊನೆಯ ಟಿಕ್ ಹಾಕುವ ಹೊತ್ತಿಗೆ, ಬೇರೆ ಯಾರದೋ ಕೆಲಸಕ್ಕೆ ಕಲ್ಲು ಇಳಿಸಿದ ಟ್ರಾಕ್ಟರೊಂದು ಕ್ವಾರಿಗೆ ವಾಪಸು ಬಂತು. ಖಾಲಿ ಟ್ರೇಲರ್ ದಡಬಡ ಕುಣಿಯುತ್ತಿತ್ತು. ಕೊಳವೆಯಿಂದ ಕಪ್ಪು ಹೊಗೆ ಏರಿ, ಬಂಡೆಯ ಮೇಲೆ ಒಂದು ಗಳಿಗೆ ನಿಂತು, ಕರಗಿತು.

ಜಂಬಣ್ಣ ಅದನ್ನೇ ನೋಡಿದ.

“ಸರ, ಒಂದು ತಪ್ಪಾಗೈತ್ರಿ.”

ಪುಷ್ಪಲತಾ ಅವನ ತೋಳು ಹಿಡಿದಳು. “ದೊಡ್ಡಪ್ಪ, ಸುಮ್ಕಿರು. ಅವರ ಟಿಕ್ ಹಾಕ್ಯಾರ.”

“ತಪ್ಪು ಏನು?” ಎಂದ ಅರುಣಕುಮಾರ್.

“ನಮ್ಮ ಕಡಿ ಟ್ರಿಪ್ ಅಂದ್ರ ತುಂಬಿದ ಗಾಡಿ ಅಷ್ಟರಿ. ಖಾಲಿ ಬರೋದಕ್ಕ ಯಾರೂ ಬಾಡಿಗಿ ಕೊಡಂಗಿಲ್ಲ, ಅದನ್ನ ಯಾರೂ ಎಣಿಸಂಗಿಲ್ಲ. ನಾನೂ ಎಣಿಸಿಲ್ಲ. ಹೊಗಿ ಮಾತ್ರ ಅದೂ ಬಿಡ್ತೈತಲ್ರಿ.”

ಅರುಣಕುಮಾರ್ ಪೆನ್ನು ಎತ್ತಿದ. “ಹಾಗಾದರೆ ಲೆಕ್ಕ ತಪ್ಪಿದೆ ಅಂತ ಬರೆದು ಕೊಡಬೇಕಾಗುತ್ತೆ. ಟೆಂಡರ್ ಕೈ ತಪ್ಪಿದರೂ ತಪ್ಪಬಹುದು.”

“ಕೊಡ್ತೀನ್ರಿ. ಅಳದದ್ದರಾಗ ಏನು ಬಿಟ್ಟೀನಿ ಅಂತ ಕೊಡ್ತೀನಿ. ಅಳದಿಲ್ಲ ಅಂತ ಕೊಡಂಗಿಲ್ಲ.”

ಬಸ್ಸಿನಲ್ಲಿ ಕೂಡ್ಲಿಗಿಯವರೆಗೂ ಪುಷ್ಪಲತಾ ಕಿಟಕಿಯ ಕಡೆಗೆ ಮುಖ ಮಾಡಿ ಕೂತಿದ್ದಳು. ಇಳಿಯುವಾಗ, “ನಿನ್ನಂಥ ದಡ್ಡನ್ನ ನಾ ನೋಡಿಲ್ಲ” ಎಂದಳು. ಪತ್ರವನ್ನು ಮಾತ್ರ ಒಂದೂ ತಪ್ಪಿಲ್ಲದೆ ಟೈಪ್ ಮಾಡಿಕೊಟ್ಟಳು.

ಆ ಪತ್ರದ ಸುದ್ದಿ ತಿಳಿದ ಗುರುಬಸವರಾಜ ತಕ್ಷಣ ಆಕ್ಷೇಪಣೆ ಹಾಕಿದ. ಜಿಲ್ಲಾ ಕಚೇರಿಯಲ್ಲಿ ವಿಚಾರಣೆ. ಮೇಜಿನ ಆಚೆ ಹಿರಿಯ ಎಂಜಿನಿಯರ್ ಆಗಿದ್ದ ವಯಸ್ಸಾದ ಹೆಂಗಸೊಬ್ಬರು, ಅವರ ಪಕ್ಕದಲ್ಲಿ ಅರುಣಕುಮಾರ್. ಗುರುಬಸವರಾಜ ಇಸ್ತ್ರಿ ಅಂಗಿ ತೊಟ್ಟು ಬಂದಿದ್ದ.

“ಮೇಡಂ, ತಪ್ಪು ಮಾಡೀನಿ ಅಂತ ಅವನ ಒಪ್ಪಿಕೊಂಡಾನ. ಇನ್ನ ವಿಚಾರಣಿ ಯಾಕ್ರಿ?”

“ಖಾಲಿ ಗಾಡಿ ಎಣಿಸಿಲ್ಲ ಅಂತ ಬರೆದಿದ್ದಾರೆ” ಎಂದರು ಆಕೆ.

ಗುರುಬಸವರಾಜ ಗಟ್ಟಿಯಾಗಿ ನಕ್ಕ. “ಹುಚ್ಚ ಅದಾನ್ರಿ ಅವ. ಖಾಲಿ ಗಾಡಿ ಯಾವನಾದ್ರೂ ಎಣಿಸ್ತಾನೇನ್ರಿ? ಇಪ್ಪತ್ತೈದು ವರ್ಷ ಆತು ಗುತ್ತಿಗಿ ಮಾಡಾಕ ಹತ್ತಿ, ಒಂದಿನ ಎಣಿಸಿಲ್ಲ.”

“ನೀವು ಗೋಡೆಗೆ ಅಂತ ಬರೆದಿರೋ ಸಿಮೆಂಟ್ ಬ್ಲಾಕ್ ಎಲ್ಲಿಂದ ಬರುತ್ತೆ?”

“ಎಂಬತ್ತು ಕಿಲೋಮೀಟರಿಂದ್ರಿ. ಫ್ಯಾಕ್ಟರಿ ಮಾಲು. ಫಸ್ಟ್ ಕ್ಲಾಸ್.”

“ಲಾರಿ ವಾಪಸು ಖಾಲಿ ಹೋಗುತ್ತಲ್ಲ?”

ಅರುಣಕುಮಾರ್ ಎರಡೂ ನಮೂನೆಗಳಿಗೆ ಖಾಲಿ ಗಾಡಿಗಳನ್ನು ಸೇರಿಸಿದ. ಜಂಬಣ್ಣನ ಅಂಕಿ ಸ್ವಲ್ಪ ಏರಿತು, ಗುರುಬಸವರಾಜನದು ಅದರ ಹತ್ತರಷ್ಟು ಏರಿತು. ಕೆಲಸದ ಆದೇಶ ಎರಡು ವಾರದಲ್ಲಿ ಜಂಬಣ್ಣನ ಹೆಸರಿಗೆ ಬಂತು.

ಅದರಿಂದ ಹಗೆ ಏನೂ ಕಡಿಮೆಯಾಗಲಿಲ್ಲ. ಕೊಟ್ಟೂರಿನಿಂದ ಹಡಗಲಿಯವರೆಗೆ ಯಾರೂ ಅವನಿಗೆ ಕಾಂಕ್ರೀಟ್ ಮಿಕ್ಸರ್ ಬಾಡಿಗೆಗೆ ಕೊಡಲಿಲ್ಲ. ಹಳೆಯ ಆಳುಗಳಲ್ಲಿ ಮರಳಿ ಬಂದವರು ಉಚ್ಚಂಗೆಪ್ಪ ಮತ್ತು ಅವನ ಹೆಂಡತಿ ಇಬ್ಬರೇ. ನಾಗಲಿಂಗಮ್ಮ ಬುತ್ತಿ ಕಟ್ಟಿಕೊಟ್ಟಳು, ನಗಲಿಲ್ಲ.

ಪಾಯ ಗುರುತು ಹಾಕುವ ದಿನ ಬೆಳಿಗ್ಗೆ ಜಂಬಣ್ಣ ಗೂಟ ಹೊಡೆದು ಮೂಲೆಯಿಂದ ಮೂಲೆಗೆ ದಾರ ಎಳೆದಿದ್ದ. ರಸ್ತೆ ಬಿಟ್ಟು ಒಂದು ಬಿಳಿ ಕಾರು ಜಾಗದೊಳಕ್ಕೇ ನುಗ್ಗಿ ಬಂದು ನಿಂತಿತು. ಗುರುಬಸವರಾಜ ಗಾಜು ಇಳಿಸಿದ.

“ಸ್ಲ್ಯಾಬ್ ಹಾಕೋ ದಿನ ನನ್ನ ಮನಿ ಬಾಗಲಿಗೆ ಬರ್ತಿ, ನೋಡು. ಕಾಲು ಹಿಡಕೊಂಡ್ರೂ ಮಿಕ್ಸರ್ ಕೊಡಂಗಿಲ್ಲ. ಈ ಗೋಡಿ ಮ್ಯಾಲ ಕಾಗಿ ಕುಂದ್ರತಾವಲೇ, ಕಾಗಿ.”

ಜಂಬಣ್ಣ ಅವನ ಮುಖ ನೋಡಲಿಲ್ಲ. ಅವನ ಕಣ್ಣು ಕಾರಿನ ಮುಂದಿನ ಗಾಲಿಯ ಮೇಲಿತ್ತು.

“ಸಾವ್ಕಾರ್ರ, ಗಾಡಿ ಹಿಂದಕ ತಗೀರಿ. ದಾರ ತುಳಿದೀರಿ.”

“ಏನಂದಿ?”

“ದಾರರಿ. ಮೂಲಿ ಜರುಗ್ತೈತಿ.”

ಉಚ್ಚಂಗೆಪ್ಪ ಸನಿಕೆ ಕೆಳಗಿಟ್ಟು ಬಂದು ಪಕ್ಕದಲ್ಲಿ ನಿಂತ. ಗೇರು ಬಿದ್ದ ಸದ್ದಾಯಿತು, ಕಾರು ಹಿಂದೆ ಸರಿಯಿತು. ಜಂಬಣ್ಣ ಕೂತು ದಾರದ ಮಣ್ಣು ಒರೆಸಿದ, ಗೂಟ ಕಿತ್ತು, ಟೇಪು ಹಿಡಿದು, ಮೊದಲಿನಿಂದ ಅಳೆಯತೊಡಗಿದ.