ಅತ್ತೆಯ ಮಾತು, ಗುಂಪಿನ ಸ್ವತ್ತು

ಹಾರೋಹಳ್ಳಿ ಕಡೆ ಒಂದೊಂದೇ ಕಾರ್ಖಾನೆ ಏಳುತ್ತಿದ್ದ ವರ್ಷಗಳವು. ಅಂಥ ಒಂದರ ಸ್ಟೋರ್ಸಿನಲ್ಲಿ ನಾನು ಗುಮಾಸ್ತ. ಊಟದ ಬಿಡುವಿನಲ್ಲಿ ಆಫೀಸಿನ ಕಂಪ್ಯೂಟರಿನಿಂದ ಕನ್ನಡಿಗರ ಒಂದು ಇಂಟರ್ನೆಟ್ ಗುಂಪಿಗೆ ಬರೆಯುತ್ತಿದ್ದೆ. ಕನ್ನಡ ಅಕ್ಷರ ಮೂಡಿಸಲು ಬರುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಕುಟ್ಟುತ್ತಿದ್ದೆ.

ಬರೆದದ್ದೆಲ್ಲ ಮರಳವಾಡಿಯ ನನ್ನ ಸೋದರತ್ತೆ ಹೇಳಿದ್ದು. ಮದುವೆಯಾಗಿ ಬಂದಾಗಿನಿಂದ ಕುರಿ ಕಾಯ್ದವಳು, ಮೇಯಿಸುತ್ತಿದ್ದ ಬಯಲಿಗೆ ಕಾರ್ಖಾನೆಯವರ ಬೇಲಿ ಬಿದ್ದ ಮೇಲೆ ಮಂದೆ ಮಾರಿ ಕೂತಿದ್ದಳು. ಹೊಟ್ಟೆ ಉಬ್ಬಿದ ಕುರಿಗೆ ಏನು ಕುಡಿಸಬೇಕು, ತಾಯಿ ಒಲ್ಲದ ಮರಿಯನ್ನು ಇನ್ನೊಂದಕ್ಕೆ ಹೇಗೆ ಹೊಂದಿಸಬೇಕು ಎಂದು ಭಾನುವಾರ ಹೇಳಿದ್ದು ಸೋಮವಾರ ಗುಂಪಿನಲ್ಲಿರುತ್ತಿತ್ತು. ದೂರದವರು ಮೆಚ್ಚಿ ಬರೆದದ್ದನ್ನು ಓದಿ ಹೇಳಿದರೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ಎರಡು ವರ್ಷದ ನಂತರ ರಾಮನಗರದ ಒಂದು ಅಂಗಡಿಯಲ್ಲಿ ಆ ಬರಹಗಳೆಲ್ಲ ಪುಸ್ತಕವಾಗಿ ಕಂಡವು. ಮೇಲೆ ಗುಂಪು ನಡೆಸುವವರ ಹೆಸರು. ಮುನ್ನುಡಿಯಲ್ಲಿ 'ಗುಂಪಿನ ಗೆಳೆಯರಿಗೆ' ಒಂದು ನಮಸ್ಕಾರ. ಇದು ಸರಿಯೇ ಎಂದು ಅವರನ್ನೇ ಕೇಳಿ ಬರೆದೆ. ಗುಂಪಿಗೆ ಹಾಕಿದ್ದು ಗುಂಪಿನ ಸ್ವತ್ತು, ಸೇರುವಾಗಲೇ ನಿಯಮ ಒಪ್ಪಿದ್ದೀರಿ, ಕನ್ನಡ ಲಿಪಿಗೆ ತಂದು ತಿದ್ದಿದ ಶ್ರಮವೂ ನನ್ನದು ಎಂದು ಬಹಳ ಮರ್ಯಾದೆಯಿಂದಲೇ ಉತ್ತರಿಸಿದರು.

ಕನಕಪುರದ ವಕೀಲರೊಬ್ಬರ ಬಳಿ ಹೋದೆ. ಗುಂಪಿಗೆ ಹಾಕಿದ ಮಾತ್ರಕ್ಕೆ ಬರೆದವನ ಹಕ್ಕು ಹೋಗುವುದಿಲ್ಲ ಎಂದರು. ಒಸಿ ಜೀವ ಬಂದಂತಾಯಿತು. ಆಮೇಲೆ ಯಾವ ಮೇಲ್, ಯಾರ ಕಂಪ್ಯೂಟರ್ ಎಂದು ಕೇಳಿದರು. ಹೇಳಿದೆ.

"ಕೇಸು ಹಾಕಿದ್ರೆ ಮೊದ್ಲು ನಿಮ್ ಕಂಪ್ನೀಗೇ ಗೊತ್ತಾಯ್ತದೆ. ಕೆಲ್ಸ ಬುಡಕ್ಕೆ ತಯಾರಿದ್ದೀರಾ?"

ಇರಲಿಲ್ಲ. ಬರೆದದ್ದನ್ನಾದರೂ ಪ್ರಿಂಟ್ ತೆಗೆದಿಟ್ಟುಕೊಳ್ಳೋಣವೆಂದು ಮರುದಿನ ನೋಡಿದರೆ ನನ್ನನ್ನು ಗುಂಪಿನಿಂದ ತೆಗೆದಿದ್ದರು. ಹಳೆಯದೊಂದೂ ತೆರೆಯಲಿಲ್ಲ.

ಪುಸ್ತಕವನ್ನು ಅತ್ತೆಗೆ ಓದಿ ಹೇಳಿದೆ. ತನ್ನ ಹೆಸರು ಇದೆಯೇ ಎಂದು ಅವಳು ಕೇಳಲೇ ಇಲ್ಲ. ಒಂದು ಸೊಪ್ಪಿನ ರಸದ ವಿಷಯ ಬಂದಾಗ ಕೈ ಹಿಡಿದು ನಿಲ್ಲಿಸಿದಳು.

"ಗಬ್ಬದ ಕುರೀಗೆ ಇದ ಕುಡ್ಸಬ್ಯಾಡ ಅಂದಿದ್ದೆ ಮಗ. ಕುಡ್ಸಬೇಕು ಅಂತ ಬರ್ದವ್ರಲ್ಲ."

ಇಂಗ್ಲಿಷ್ ಅಕ್ಷರದಲ್ಲಿ ನಾನೇ ತಪ್ಪು ಕುಟ್ಟಿದ್ದೆನೋ, ಅವರು ತಪ್ಪು ಓದಿಕೊಂಡರೋ, ತಿಳಿಯುವ ದಾರಿ ಮುಚ್ಚಿಹೋಗಿತ್ತು. ಹಕ್ಕಿನ ಮಾತು ಬಿಟ್ಟು, ಆ ಒಂದು ಸಾಲನ್ನಾದರೂ ತಿದ್ದಿ ಎಂದು ಮೂರು ಸಲ ಬರೆದೆ. ಉತ್ತರ ಬರಲಿಲ್ಲ.

"ಇದ ಕುಡ್ದು ಯಾರ್ದಾರ ಕುರಿ ಕಂದು ಹಾಕಿದ್ರೆ, ಹೊಟ್ಟೇಲಿರೋ ಮರಿ ಹೋದ್ರೆ, ಆ ಪಾಪ ಯಾರ್ಗೆ?" ಎಂದು ಅತ್ತೆ ಕೇಳಿದಳು.

ಆಮೇಲೆ ಭಾನುವಾರ ಹೋದರೆ ಮುದ್ದೆ ಬಡಿಸುವಳು, ಮಕ್ಕಳನ್ನು ವಿಚಾರಿಸುವಳು. ಕುರಿಯ ಮಾತೆತ್ತಿದರೆ ಮರೆತೋಯ್ತು ಎನ್ನುವಳು. ಮರೆತಿರಲಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಪುಸ್ತಕ ಎರಡನೇ ಸಲ ಅಚ್ಚಾಯಿತು. ಆ ಸಾಲು ಹಾಗೇ ಇತ್ತು.