ನಲವತ್ತನೆಯ ಮಂತ್ರ

ದಬ್ಬೇಘಟ್ಟದ ಶ್ರೀರಂಗಯ್ಯ ಎಂದರೆ ಮಾಟ ಮಂತ್ರದ ಪುಸ್ತಕ ಬರೆದವರು ಎಂದು ಮೂರು ತಾಲ್ಲೂಕಿಗೂ ಗೊತ್ತು. ಅದಕ್ಕೆ ಮೊದಲು ಕವಿಯಾಗಿದ್ದರು ಎನ್ನುವುದು ಅವರ ಹೆಂಡತಿ ಸಿದ್ದಕ್ಕನಿಗೆ, ಪಕ್ಕದ ಮನೆಯ ನನಗೆ, ಇಬ್ಬರಿಗೇ ಗೊತ್ತಿದ್ದದ್ದು. ಎಪ್ಪತ್ತೆರಡರಲ್ಲಿ ಅಚ್ಚು ಹಾಕಿಸಿದ ಕವನದ ಪುಸ್ತಕವನ್ನು ನನ್ನ ಮದುವೆಗೆ ಉಡುಗೊರೆ ಕೊಟ್ಟಿದ್ದರು. ನಾನೂ ಓದಲಿಲ್ಲ, ಸುಳ್ಳು ಯಾಕೆ ಹೇಳಲಿ.

ಕವನ ಯಾರಿಗೂ ಬೇಡವಾದ ಮೇಲೆ ನಾಟಕ ಬರೆದರು. ನಮ್ಮ ಕಡೆ ನಾಟಕಕ್ಕೆ ಪಾತ್ರ ಮಾಡುವವರೇ ವಂತಿಗೆ ಹಾಕಬೇಕು. ಇವರ ನಾಟಕದಲ್ಲಿ ಇದ್ದದ್ದು ಗಂಡನಿಗಾಗಿ ಕಾಯುವ ಒಬ್ಬಳು ಹೆಂಗಸು, ಒಂದು ಬಾಗಿಲು. ಹಾರ್ಮೋನಿಯಂ ಮೇಷ್ಟ್ರು ಬೆಟ್ಟಸ್ವಾಮಿ ಓದಿಸಿ ಕೇಳಿ, "ಚೆನ್ನಾಗೈತೆ ಕಣಪ್ಪ. ಗದೆ ಎಲ್ಲೈತೆ? ಗದೆ ಇಲ್ದಿದ್ರೆ ಯಾವನು ವಂತಿಗೆ ಕೊಟ್ಟು ಬಣ್ಣ ಹಚ್ತಾನೆ?" ಎಂದರು. ನಾಟಕ ಅಟ್ಟ ಸೇರಿತು. ಪಕ್ಕದಲ್ಲಿ ಕೊಬ್ಬರಿಯಾಗಲು ಹಾಕಿದ್ದ ಕಾಯಿ ಹನ್ನೊಂದು ತಿಂಗಳಿಗೆ ಇಳಿಯಿತು, ನಾಟಕ ಇಳಿಯಲಿಲ್ಲ.

ಆಮೇಲೆ ಒಂದು ಪ್ರೆಸ್ಸಿನವರು ಮಂತ್ರದ ಪುಸ್ತಕ ಕೇಳಿದರು. ಅವರಿವರನ್ನು ವಿಚಾರಿಸಿ ಮೂವತ್ತೊಂಬತ್ತು ಮಂತ್ರ ಹೊಂದಿಸಿದರು. ಕೊನೆಯ ಪುಟ ಖಾಲಿ ಉಳಿಯಿತು. ನಾಟಕದ ಹೆಂಗಸು ಹೊಸ್ತಿಲಲ್ಲಿ ನಿಂತು ಹೇಳುವ ಸಾಲುಗಳನ್ನೇ ನಲವತ್ತನೆಯದಾಗಿ ಹಾಕಿಬಿಟ್ಟರು: "ಓಂ ಬಾಗಿಲು ತೆರೆದೇ ಇದೆ, ಕಾಲಿಗೆ ನೀರಿದೆ, ಬಂದರೆ ಬಾ ಸ್ವಾಹಾ." ಕೆಳಗೆ ಸೂಚನೆ: ಗಂಡ ಮನೆಗೆ ಮರಳಲು, ನಲವತ್ತೆಂಟು ದಿನ, ಎಳನೀರು ಮುಟ್ಟಿಕೊಂಡು ಹೇಳತಕ್ಕದ್ದು. ಪುಸ್ತಕ ಐದು ಸಲ ಅಚ್ಚಾಯಿತು. ಒಂದು ಸಲವೂ ಅವರು ಖುಷಿಪಟ್ಟದ್ದನ್ನು ನಾನು ಕಾಣೆ. ತಾವು ಕಟ್ಟಿದ ಪದವನ್ನು ಮಂತ್ರ ಎಂದಲ್ಲ, ಪದ ಎಂದು ಒಬ್ಬರಾದರೂ ಓದಲಿ ಎನ್ನುವ ಆಸೆ ಅವರಿಗೆ ಹೋಗಿರಲಿಲ್ಲ.

ಎಂಬತ್ತಮೂರರಲ್ಲಿ ಹೊನ್ನವಳ್ಳಿಯಿಂದ ಹಾಲಮ್ಮ ಎನ್ನುವವಳು ಮನೆ ಹುಡುಕಿಕೊಂಡು ಬಂದಳು. ನಾನೂ ಜಗಲಿಯಲ್ಲಿದ್ದೆ. ಎರಡು ವರ್ಷದಿಂದ ದಿನಾ ನಲವತ್ತನೆಯದನ್ನು ಹೇಳುತ್ತಿದ್ದಾಳೆ, ಗಂಡ ಬಂದಿಲ್ಲ. ಉಚ್ಚಾರ ತಪ್ಪಿದೆ ಎಂದು ಶ್ರೀರಂಗಯ್ಯ ನುಣುಚಿಕೊಳ್ಳಬಹುದಿತ್ತು. ನುಣುಚಿಕೊಳ್ಳಲಿಲ್ಲ.

"ಅದು ಮಂತ್ರ ಅಲ್ಲ ಕಣವ್ವ. ನನ್ನ ನಾಟಕದ ಪದ. ತಪ್ಪಾಯ್ತು."

"ಅವ್ನು ಬರಾಕಿಲ್ಲ ಅಂತ ಯಾವತ್ತೋ ಗೊತ್ತಾಯ್ತು ಬುಡಿ," ಎಂದಳು ಹಾಲಮ್ಮ. "ನಾನು ಬಂದಿದ್ದು ಅದ್ಕಲ್ಲ. ಅದನ್ನ ಹೇಳೋ ಯಮ್ಮ ಬಾಗ್ಲು ತೆಕ್ಕಂಡು ನಿಂತವ್ಳಲ್ಲ, ಆಮೇಲೆ ಏನ್ ಮಾಡುದ್ಲು? ಪುಸ್ತಕದಾಗೆ ಇಲ್ಲ."

ಶ್ರೀರಂಗಯ್ಯನವರ ಕಣ್ಣಲ್ಲಿ ನೀರು ಬಂತು. ಮದುವೆಗೆ ಕೊಟ್ಟ ಪುಸ್ತಕ ನೆನಪಾಗಿ ನನಗೆ ನಾಚಿಕೆಯಾಯಿತು.

"ಕೂತ್ಕಳವ್ವ," ಎಂದರು. ಅವಳು ಕೇಳಿದ್ದು ಕೊನೆಯ ಅಂಕವನ್ನು. ಅವರು ಮೊದಲನೆಯದರಿಂದ ಶುರು ಮಾಡಿದರು.