ಮಂಚದಡಿಯ ಪಾಯಸ

ಅಕ್ಕನ ನಿಕಾ ಮುಗಿದು ಎರಡೇ ದಿನವಾಗಿತ್ತು. ಎಪ್ಪತ್ತರ ದಶಕದ ಕೊನೆಯ ಚುನಾವಣೆ. ಅಭ್ಯರ್ಥಿಯೊಬ್ಬ ತರೀಕೆರೆಯ ನಮ್ಮ ಮನೆಗೆ ವೋಟು ಕೇಳಲು ಬಂದ. ಅಮ್ಮ ಅವನ ಕೈಗೆ ಶಾವಿಗೆ ಪಾಯಸ ಕೊಟ್ಟು ಒಳಗೆ ಹೋದರು. ಅವನು ಹೋದ ಮೇಲೆ ಕಸ ಗುಡಿಸುವಾಗ ತುಂಬಿದ ಬಟ್ಟಲು ನನಗೆ ಮಂಚದಡಿ ಸಿಕ್ಕಿತು. ಇರುವೆ ಮುತ್ತಿದ್ದವು. ಮುಸಲ್ಮಾನರ ಮನೆಯದೆಂದು ಬಾಯಿಗೂ ಇಟ್ಟಿರಲಿಲ್ಲ.

ಅದೇ ವಾರ ಅಜ್ಜಂಪುರದ ಸಭೆಯಲ್ಲಿ ಮೈಕು ಹಿಡಿದು, "ಸಾಬರ ಮನೇಲಿ ಮದುವೆ ಪಾಯಸ ಉಂಡೋನು ನಾನು, ನಂಗೆ ಭೇದ ಇಲ್ಲ" ಎಂದನಂತೆ. ಗೆದ್ದೂಬಿಟ್ಟ. ಅಮ್ಮ "ಹೋಗ್ಲಿ ಬಿಡು" ಎಂದರು. ನಾನು ಬಿಡಲಿಲ್ಲ. ಆ ಬಟ್ಟಲನ್ನು ಬೇರೆ ಯಾರಿಗೂ ಕೊಡದೆ ಎತ್ತಿಟ್ಟೆ.

ಐದು ವರ್ಷದ ಮೇಲೆ ಅವನು ಹತ್ತಾರು ಜನರನ್ನು ಕಟ್ಟಿಕೊಂಡು ಮತ್ತೆ ಬಂದ. ಅದೇ ಬಟ್ಟಲಲ್ಲಿ ಪಾಯಸ ತಂದುಕೊಟ್ಟು ನಾನು ಎದುರಿಗೇ ನಿಂತೆ.

"ಇವತ್ತು ಉಪವಾಸ ಕಣಮ್ಮ" ಎಂದ. ಅವನ ಬಾಯ್ತುಂಬ ಎಲೆಅಡಿಕೆ ಇತ್ತು. "ವೋಟು ಮಾತ್ರ ಮರೀಬೇಡಿ."

"ಮರೆಯಲ್ಲ ಕಣ್ರೀ. ಹೋದ್ಸಲ ನಮ್ಮನೆ ಪಾಯಸ ನೀವು ಹೆಂಗೆ ಉಂಡ್ರೋ, ಈ ಸಲ ನಿಮ್ಗೆ ವೋಟು ಹಂಗೇ ಹಾಕ್ತೀವಿ."

ಅವನ ಕಣ್ಣು ಮಂಚದ ಅಡಿಗೆ ಹೋಯಿತು.